ಮೂರು ವಾರ ಆಯ್ತು, ‘ಚೀ’ ಇನ್ನೂ ಗೊತ್ತಾಗ್ತಿಲ್ಲ!

ಪ್ರಶ್ನೆ: ವೀಡಿಯೊ ನೋಡಿಕೊಂಡು ಚೀಗಾಂಗ್ (ನಿಧಾನ ಚಲನೆ, ಉಸಿರಾಟ ಸೇರಿದ ಚೀನೀ ಕಸರತ್ತು) ಶುರು ಮಾಡಿ ಮೂರು ವಾರ ಆಯ್ತು. ಅಂಗೈಯಲ್ಲಿ ‘ಚೀ’ ಹರಿಯೋದು ಗೊತ್ತಾಗುತ್ತೆ ಅಂತಾರೆ. ನನಗೆ ತೊಡೆ ನೋವು ಬಿಟ್ಟು ಬೇರೇನೂ ಗೊತ್ತಾಗಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬಹುಶಃ ಎಲ್ಲೂ ಇಲ್ಲ. ಹೊಸಬರಿಗೆ ತೊಡೆ ಬಿಗಿಯುವುದು ಸಹಜ. ನೋವು ಮಂಡಿಯಲ್ಲಿದ್ದರೆ ಮಾತ್ರ ನಿಂತಿರುವ ಭಂಗಿ ತಿದ್ದಿಕೊಳ್ಳಬೇಕು.

‘ಚೀ’ ಅಂದರೆ ಉಸಿರು, ಗಾಳಿ, ಆವಿ. ಜೀವಶಕ್ತಿ ಅನ್ನುವ ಅರ್ಥವೂ ಅದಕ್ಕೆ ಸೇರಿಕೊಂಡಿದೆ. ಸಾಂಪ್ರದಾಯಿಕ ಚೀನೀ ಲಿಪಿಯಲ್ಲಿ ಈ ಅಕ್ಷರದೊಳಗೆ ಅಕ್ಕಿಯ ಗುರುತಿದೆ, ಮೇಲೆ ಆವಿಯ ಗುರುತು. ಅನ್ನ ಬೇಯುವಾಗ ಏಳುವ ಹಬೆ ಅಂದುಕೊಳ್ಳಿ. ‘ಗಾಂಗ್’ ಅಂದರೆ ದಿನಾ ಮಾಡಿ ಮಾಡಿ ಪಳಗಿದ ಕೆಲಸ. ಜನ ಮೊದಲ ಅರ್ಧಕ್ಕೆ ಮರುಳಾಗಿ ಎರಡನೆಯದನ್ನು ಮರೆತೇಬಿಡುತ್ತಾರೆ.

ಈ ಬಗೆಯ ಕಸರತ್ತು ತುಂಬಾ ಹಳೆಯದು. ಚೀನಾದ ಚಾಂಗ್ಶಾದಲ್ಲಿರುವ ಮಾವಾಂಗ್‌ದುಯಿ ಸಮಾಧಿಯಲ್ಲಿ ಒಂದು ರೇಷ್ಮೆ ಚಿತ್ರ ಸಿಕ್ಕಿದೆ. ಅದರಲ್ಲಿ 44 ಜನ ಕೈ ಚಾಚಿ, ಬಾಗಿ, ಮೈ ಸಡಿಲ ಮಾಡುತ್ತಿದ್ದಾರೆ. ಆ ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಆಗ ಇದನ್ನು ‘ದಾವೊಯಿನ್’ ಅನ್ನುತ್ತಿದ್ದರು. ಎಲ್ಲವನ್ನೂ ಒಟ್ಟಿಗೆ ‘ಚೀಗಾಂಗ್’ ಅನ್ನುವುದು ಬಳಕೆಗೆ ಬಂದಿದ್ದು 1950ರ ದಶಕದಲ್ಲಿ, ಚೀನಾದಲ್ಲಿ ಈ ಕಸರತ್ತಿನಿಂದ ಚಿಕಿತ್ಸೆ ಕೊಡುತ್ತಿದ್ದ ಲಿಯು ಗುಯ್‌ಝೆನ್ ಅನ್ನುವವರಿಂದ. ನಮ್ಮ ಎಷ್ಟೋ ಅಜ್ಜಿಯರಿಗಿಂತ ಈ ಹೆಸರಿಗೆ ವಯಸ್ಸು ಕಮ್ಮಿ!

ಇನ್ನು ಅಂಗೈ ವಿಷಯ. ಸುಮ್ನೆ ಕೂತು ಒಂದು ನಿಮಿಷ ಅಂಗೈಯನ್ನೇ ಗಮನಿಸಿ. ಬೆಚ್ಚಗೋ, ಜುಮ್ಮೆನ್ನುವ ಹಾಗೋ ಏನಾದರೂ ಅನ್ನಿಸಬಹುದು. ಗಮನ ಕೊಟ್ಟ ಕಡೆ ಮೈ ಮಾತಾಡುತ್ತೆ, ಅಷ್ಟೆ. ಕೆಲವರಿಗೆ ಮೊದಲ ದಿನವೇ ಆಗುತ್ತೆ, ಕೆಲವರಿಗೆ ಆಗುವುದೇ ಇಲ್ಲ. ‘ಚೀ’ ಅನ್ನುವ ಪ್ರತ್ಯೇಕ ಶಕ್ತಿಯನ್ನು ಯಾವ ಉಪಕರಣವೂ ಅಳೆದು ತೋರಿಸಿಲ್ಲ. ಹಾಗಾಗಿ ಅದನ್ನು ಪರೀಕ್ಷೆ ಮಾಡಿಕೊಂಡು ಪಾಸಾ ಫೇಲಾ ಅಂತ ನೋಡಬೇಡಿ.

ಅದರ ಬದಲು ಪಾದ ನೋಡಿ. ಭುಜದಷ್ಟು ಅಗಲ ಬಿಟ್ಟು, ಬೆರಳು ಮುಂದಕ್ಕಿರಲಿ. ಎತ್ತರದ ಸ್ಟೂಲಿನ ಮೇಲೆ ಇನ್ನೇನು ಕೂರಬೇಕು ಅನ್ನುವಷ್ಟು ಮಾತ್ರ ಮಂಡಿ ಮಡಚಿ. ಮಂಡಿಗಳು ಒಳಕ್ಕೆ ವಾಲಬಾರದು, ಕಾಲ್ಬೆರಳು ದಾಟಬಾರದು. ಕೈ ಎರಡೂ ದೊಡ್ಡ ಹಂಡೆ ತಬ್ಬಿದ ಹಾಗೆ ಎದೆಯ ಮುಂದೆ. ಭುಜ ಕಿವಿ ಕಡೆಗೆ ಏರಿದ್ದರೆ ಇಳಿಸಿ. ಮೊದಮೊದಲು ಮೂರು ನಿಮಿಷ ಸಾಕು. ಇದಕ್ಕೆ ‘ಝಾನ್‌ಝುವಾಂಗ್’ ಅನ್ನುತ್ತಾರೆ, ಕಂಬದ ಹಾಗೆ ನಿಲ್ಲುವುದು.

ಪ್ರಾಣಾಯಾಮ ರೂಢಿಯಿರುವವರು ಇಲ್ಲೂ ಕುಂಭಕ ಮಾಡಲು ಹೋಗುತ್ತಾರೆ. ಬೇಡ. ಶುರುವಿನಲ್ಲಿ ಉಸಿರು ಹಿಡಿಯಲೇಬೇಡಿ. ಮೂಗಿನಿಂದ, ಹೊಟ್ಟೆ ಮೆಲ್ಲಗೆ ಉಬ್ಬುವ ಹಾಗೆ, ಬಂದಷ್ಟು ಬರಲಿ. ತಲೆ ಸುತ್ತಿದರೆ ಕೂತುಬಿಡಿ. ಬಿಪಿ ಮಾತ್ರೆಯನ್ನಂತೂ ಇದರ ನಂಬಿಕೆಯಲ್ಲಿ ನಿಲ್ಲಿಸಬೇಡಿ.

ವೀಡಿಯೊ ಬದಲಿಸುತ್ತಾ ಹೋಗುವುದಕ್ಕಿಂತ ‘ಬಾದುವಾನ್‌ಜಿನ್’ ಅನ್ನುವ ಚೀಗಾಂಗ್ ಸರಣಿ ಒಂದನ್ನೇ ಹಿಡಿದುಕೊಳ್ಳಿ. ಎಂಟೇ ಚಲನೆ, ಹದಿನೈದು ನಿಮಿಷದೊಳಗೆ ಮುಗಿಯುತ್ತೆ. ಮೊದಲನೆಯದು ಎರಡೂ ಕೈಯಿಂದ ಆಕಾಶ ಎತ್ತಿ ಹಿಡಿಯುವುದು. ಎರಡನೆಯದು ಬಿಲ್ಲು ಎಳೆಯುವುದು, ಇಲ್ಲೇ ನಿಮ್ಮ ತೊಡೆಗೆ ಜಾಸ್ತಿ ಕೆಲಸ. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ನೆಲಕ್ಕೆ ಬಿಡಬೇಕು. ಮೆತ್ತಗೆ ಬಿಡಿ, ಕೆಳಗಿನ ಮನೆಯವರು ಇನ್ನೂ ಮಲಗಿರಬಹುದು.