ಕುಸ್ತಿಪಟುವಿನ ಗುತ್ತಿಗೆ ಪತ್ರದಲ್ಲಿ ಏನಿದೆ: ಡಬ್ಲ್ಯೂಡಬ್ಲ್ಯೂಇ ದುಡಿಮೆಯ ಹಿನ್ನೆಲೆ

2021ರಲ್ಲಿ ಅಮೆರಿಕದ ಕುಸ್ತಿ ಮನರಂಜನೆಯ ಕಂಪನಿ ಡಬ್ಲ್ಯೂಡಬ್ಲ್ಯೂಇಯ ವಾರ್ಷಿಕ ಆದಾಯ ಮೊದಲ ಸಲ 100 ಕೋಟಿ ಡಾಲರ್ ದಾಟಿತು. ಅದೇ ವರ್ಷ, ಬಜೆಟ್ ಕಡಿತ ಎಂಬ ಕಾರಣ ಕೊಟ್ಟು, ಹತ್ತಾರು ಕುಸ್ತಿಪಟುಗಳನ್ನು ಕಂತು ಕಂತಾಗಿ ಕೈಬಿಟ್ಟಿತು. ಇದು ಅಷ್ಟು ಸಲೀಸಾಗಿ ನಡೆದದ್ದಕ್ಕೆ ಕಾರಣವಿದೆ. ಕಾಗದದ ಮೇಲೆ ಅವರಲ್ಲಿ ಯಾರೂ ಕಂಪನಿಯ ನೌಕರರಲ್ಲ, 'ಸ್ವತಂತ್ರ ಗುತ್ತಿಗೆದಾರರು'. ನಮ್ಮೂರಿನ ಆ್ಯಪ್‌ಗಳು ಡೆಲಿವರಿ ಹುಡುಗರನ್ನು 'ಪಾರ್ಟ್ನರ್' ಎಂದು ಕರೆಯುವುದೂ ಇದೇ ಲೆಕ್ಕಾಚಾರದಲ್ಲಿ.

ಆದರೆ ಈ ಗುತ್ತಿಗೆದಾರರಿಗೆ ಸ್ವಾತಂತ್ರ್ಯವೆಲ್ಲಿದೆ? ಯಾವ ದಿನ, ಯಾವ ಊರು, ಎದುರಾಳಿ ಯಾರು, ಗೆಲ್ಲುವವರು ಯಾರು, ಮೈಕ್ ಹಿಡಿದು ಏನು ಮಾತಾಡಬೇಕು ಎಂಬುದನ್ನೆಲ್ಲ ಕಂಪನಿಯೇ ಗೊತ್ತುಮಾಡುತ್ತದೆ. ಅಖಾಡದ ಹೆಸರು ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಅನುಮತಿಯಿಲ್ಲದೆ ಬೇರೆ ಕಡೆ ಆಡುವಂತಿಲ್ಲ. ಕೈಬಿಟ್ಟ ಮೇಲೂ ಸಾಮಾನ್ಯವಾಗಿ 90 ದಿನ ಪ್ರತಿಸ್ಪರ್ಧಿ ಕಂಪನಿ ಸೇರುವ ಹಾಗಿಲ್ಲ.

ಖರ್ಚಿನ ವಿಷಯ ಬಂದಾಗ ಮಾತ್ರ ಅವರು 'ಸ್ವತಂತ್ರರು'. ಅಮೆರಿಕದಲ್ಲಿ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ತೆರಿಗೆ 15.3%. ನೌಕರನಾದರೆ ಅರ್ಧವನ್ನು ಮಾಲೀಕ ಕಟ್ಟುತ್ತಾನೆ, ಗುತ್ತಿಗೆದಾರ ಪೂರ್ತಿ ತಾನೇ ಕಟ್ಟಬೇಕು. ವಿಮಾನದ ಟಿಕೆಟ್ ಮತ್ತು ಅಖಾಡದಲ್ಲಾದ ಗಾಯದ ಚಿಕಿತ್ಸೆ ಕಂಪನಿಯದು. ಬಾಡಿಗೆ ಕಾರು, ಹೋಟೆಲು, ಊಟ ಬಹುಕಾಲ ಕುಸ್ತಿಪಟುವಿನ ಜೇಬಿನಿಂದಲೇ ಹೋಗುತ್ತಿತ್ತು. ಹಾಗಾಗಿ ಮೂರು ನಾಲ್ಕು ಜನ ಒಂದೇ ಕಾರಿನಲ್ಲಿ ತುಂಬಿಕೊಂಡು, ಆಟ ಮುಗಿದ ರಾತ್ರಿಯೇ ನೂರಾರು ಮೈಲಿ ಓಡಿಸಿ ಮುಂದಿನ ಊರು ಸೇರುವುದು ರೂಢಿಯಾಯಿತು. ಆರೋಗ್ಯ ವಿಮೆಯನ್ನು ಸ್ವಂತ ಹಣದಲ್ಲೇ ಕೊಳ್ಳಬೇಕು. ಅದೇ ಕಂಪನಿಯ ಕಚೇರಿಯಲ್ಲಿ ಕೂತು ಕೆಲಸ ಮಾಡುವವರು ನೌಕರರು. ಕಬ್ಬಿಣದ ತೊಲೆ, ಮರದ ಹಲಗೆ, ತೆಳು ಫೋಮಿನ ಮೇಲೆ ಬೆನ್ನು ಬಡಿದು ಬೀಳುವವರು ಅಲ್ಲ.

ಈ ಪದ್ಧತಿಯ ಬೇರು ಹಳೆಯದು. 1948ರಲ್ಲಿ ಅಯೋವಾದ ವಾಟರ್ಲೂನಲ್ಲಿ ಕುಸ್ತಿ ಪ್ರದರ್ಶನ ಏರ್ಪಡಿಸುವ ಪ್ರಮೋಟರ್‌ಗಳು ಎನ್‌ಡಬ್ಲ್ಯೂಎ ಎಂಬ ಒಕ್ಕೂಟ ಕಟ್ಟಿ ದೇಶವನ್ನು ಸೀಮೆಗಳಾಗಿ ಹಂಚಿಕೊಂಡರು. ಕುಸ್ತಿಪಟುವಿಗೆ ಗೇಟ್ ಕಲೆಕ್ಷನ್ನಿನಲ್ಲಿ ಪಾಲು. ಆದರೆ ಕಲೆಕ್ಷನ್ ಎಷ್ಟೆಂದು ಎಣಿಸುವವನು ಪ್ರಮೋಟರ್. ಎದುರು ಮಾತಾಡಿದರೆ ಉಳಿದ ಸೀಮೆಗಳ ಬಾಗಿಲೂ ಮುಚ್ಚುತ್ತಿತ್ತು. 1956ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಈ ಕೂಟದ ವಿರುದ್ಧ ಏಕಸ್ವಾಮ್ಯ ವಿರೋಧಿ ಕ್ರಮ ಕೈಗೊಂಡಿತಾದರೂ ಕುಸ್ತಿಪಟುವಿನ ಪಾಡು ಹೆಚ್ಚು ಬದಲಾಗಲಿಲ್ಲ.

ಹಾಗಾದರೆ ಸಂಘ ಕಟ್ಟಬಹುದಿತ್ತಲ್ಲ? 1935ರ ಕಾರ್ಮಿಕ ಕಾಯ್ದೆ ಆ ಹಕ್ಕು ಕೊಟ್ಟಿತ್ತು. 1947ರ ಟಾಫ್ಟ್-ಹಾರ್ಟ್ಲಿ ತಿದ್ದುಪಡಿ ಸ್ವತಂತ್ರ ಗುತ್ತಿಗೆದಾರರನ್ನು ಅದರಿಂದ ಹೊರಗಿಟ್ಟಿತು. ನನ್ನ ಲೆಕ್ಕದಲ್ಲಿ ಗಂಟು ಬಿದ್ದಿರುವುದು ಇಲ್ಲೇ. ಸಂಬಳ ಕಡಿಮೆ ಎಂಬುದಕ್ಕಿಂತ ಸಂಬಳ ಕೇಳಲು ಒಟ್ಟಾಗಿ ನಿಂತವರಿಗೆ ರಕ್ಷಣೆಯಿಲ್ಲ ಎಂಬುದು ದೊಡ್ಡ ಪೆಟ್ಟು. 1986ರಲ್ಲಿ, ಕಂಪನಿಯ ದೊಡ್ಡ ವಾರ್ಷಿಕ ಪ್ರದರ್ಶನ ರೆಸಲ್‌ಮೇನಿಯಾ 2ರ ಹೊತ್ತಿಗೆ, ಕುಸ್ತಿಪಟು ಜೆಸ್ಸಿ ವೆಂಚುರಾ ಡ್ರೆಸ್ಸಿಂಗ್ ರೂಮಿನಲ್ಲಿ ಸಂಘದ ಮಾತೆತ್ತಿದರು. ಸುದ್ದಿ ಮಾಲೀಕ ವಿನ್ಸ್ ಮೆಕ್‌ಮಹೊನ್ ಕಿವಿಗೆ ಬಿತ್ತು. ಅದನ್ನು ಮುಟ್ಟಿಸಿದವರು ಆಗಿನ ದೊಡ್ಡ ತಾರೆ ಹಲ್ಕ್ ಹೋಗನ್ ಎಂಬುದು ವರ್ಷಗಳ ನಂತರ ತಮ್ಮ ಮೊಕದ್ದಮೆಯ ವಿಚಾರಣೆಯಲ್ಲಿ ಗೊತ್ತಾಯಿತೆಂದು ವೆಂಚುರಾ ಹೇಳಿದ್ದಾರೆ. ಆ ಮೊಕದ್ದಮೆ ವಿಡಿಯೊ ಕ್ಯಾಸೆಟ್‌ಗಳ ರಾಯಲ್ಟಿಗಾಗಿ. ಅದರಲ್ಲಿ ಅವರು 8 ಲಕ್ಷ ಡಾಲರ್‌ಗೂ ಮಿಕ್ಕಿ ಗೆದ್ದರು. ಸಂಘ ಮಾತ್ರ ಹುಟ್ಟಲೇ ಇಲ್ಲ.

1989ರಲ್ಲಿ ಕಂಪನಿಯೇ ನ್ಯೂಜೆರ್ಸಿಯ ಶಾಸಕರೆದುರು ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡು ಕ್ರೀಡಾ ಆಯೋಗದ ಹಿಡಿತದಿಂದ ಕಳಚಿಕೊಳ್ಳಲು ನೋಡಿತು. ಆದರೆ ಸಿನಿಮಾ ನಟರಿಗಿರುವ ಸಂಘದ ನಿಯಮಗಳೂ ಕುಸ್ತಿಪಟುಗಳಿಗೆ ದಕ್ಕಲಿಲ್ಲ.

1999ರ ಮೇ 23ರಂದು ಕನ್ಸಾಸ್ ಸಿಟಿಯಲ್ಲಿ ಕಂಪನಿಯ ಕುಸ್ತಿಪಟು ಓವನ್ ಹಾರ್ಟ್‌ರನ್ನು ಚಾವಣಿಯಿಂದ ಅಖಾಡಕ್ಕೆ ಇಳಿಸಲು ಹೊರಟಿದ್ದರು. ಕೆಳಗೆ ಬಂದೊಡನೆ ಬೇಗ ಕಳಚಲೆಂದು ಕಟ್ಟುಪಟ್ಟಿಗೆ ಥಟ್ಟನೆ ಬಿಚ್ಚಿಕೊಳ್ಳುವ ಕೊಕ್ಕೆ ಹಾಕಿದ್ದರು. ಅದು ಮೇಲೆಯೇ ಬಿಚ್ಚಿಕೊಂಡಿತು. ಸುಮಾರು 78 ಅಡಿಯಿಂದ ಬಿದ್ದ ಓವನ್ ತೀರಿಕೊಂಡರು. ಕಾರ್ಯಕ್ರಮವನ್ನು ನಿಲ್ಲಿಸಲಿಲ್ಲ. ಕುಟುಂಬಕ್ಕೆ ಸುಮಾರು 1.8 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು.

2001ರಲ್ಲಿ ಪ್ರತಿಸ್ಪರ್ಧಿ ಡಬ್ಲ್ಯೂಸಿಡಬ್ಲ್ಯೂ ಕೂಡ ಇದೇ ಕಂಪನಿಯ ಪಾಲಾದ ಮೇಲೆ ಚೌಕಾಸಿಗೆ ಇನ್ನೊಂದು ದೊಡ್ಡ ಬಾಗಿಲೇ ಉಳಿಯಲಿಲ್ಲ. ಹೊಸ ಪ್ರತಿಸ್ಪರ್ಧಿ ಕಂಪನಿ ಎಇಡಬ್ಲ್ಯೂ ಹುಟ್ಟಿದ್ದು 2019ರಲ್ಲಿ.

ನಡುವೆ, 2008ರಲ್ಲಿ, ರೇವನ್ ಎಂದೇ ಹೆಸರಾದ ಸ್ಕಾಟ್ ಲೆವಿ ಮತ್ತು ಇನ್ನಿಬ್ಬರು ತಮ್ಮನ್ನು ತಪ್ಪಾಗಿ ಗುತ್ತಿಗೆದಾರರೆಂದು ಕರೆಯಲಾಗಿದೆ ಎಂದು ಕನೆಕ್ಟಿಕಟ್‌ನಲ್ಲಿ ದಾವೆ ಹೂಡಿದರು. ಮರುವರ್ಷ ಅದು ವಜಾ ಆಯಿತು. ಅವರು ನೌಕರರು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ತಲೆಪೆಟ್ಟಿನ ಪರಿಣಾಮಗಳ ಬಗ್ಗೆ ಮಾಜಿ ಕುಸ್ತಿಪಟುಗಳು ಹೂಡಿದ ದಾವೆಗಳೂ 2018ರಲ್ಲಿ ಬಿದ್ದುಹೋದವು.

2020ರಲ್ಲಿ ಕುಸ್ತಿಪಟುಗಳು ಟ್ವಿಚ್ (ನೇರ ವಿಡಿಯೊ ಪ್ರಸಾರದ ತಾಣ), ಕ್ಯಾಮಿಯೊ (ಅಭಿಮಾನಿಗಳಿಗೆ ವಿಡಿಯೊ ಸಂದೇಶ ಮಾರುವ ತಾಣ)ಗಳಲ್ಲಿ ತಾವೇ ಗಳಿಸುತ್ತಿದ್ದುದಕ್ಕೂ ಕಂಪನಿ ಕಡಿವಾಣ ಹಾಕಿತು. ನವೆಂಬರ್‌ನಲ್ಲಿ ಕುಸ್ತಿಪಟು ಜೆಲಿನಾ ವೇಗಾ ಸಂಘ ಕಟ್ಟುವುದನ್ನು ಬೆಂಬಲಿಸಿ ಟ್ವೀಟ್ ಮಾಡಿದ ದಿನವೇ ಅವರನ್ನು ಕೈಬಿಟ್ಟ ಪ್ರಕಟಣೆಯೂ ಹೊರಬಿತ್ತು. ಮರುವರ್ಷ ವಾಪಸು ಕರೆಸಿಕೊಂಡರು.

ದಾರಿಯೇನೋ ಇದೆ. ಗುತ್ತಿಗೆಯಲ್ಲಿ ಏನೇ ಬರೆದಿರಲಿ, ಕೆಲಸದ ಮೇಲೆ ಹಿಡಿತ ಯಾರದ್ದು ಎಂದು ನೋಡಿ ಒಬ್ಬರು ನೌಕರರೇ ಎಂದು ತೀರ್ಮಾನಿಸುವ ಅಧಿಕಾರ ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗಿದೆ. ಆದರೆ ದೂರನ್ನು ಘಟನೆ ನಡೆದ ಆರು ತಿಂಗಳೊಳಗೆ ಕೊಡಬೇಕು. ಗುತ್ತಿಗೆ ನಡೆಯುತ್ತಿರುವವರಿಗೆ ಮುಂದಿನ ಅವಕಾಶ ತಪ್ಪುವ ಭಯ. ಹೊರಬಂದವರೂ ಆ ಆರು ತಿಂಗಳನ್ನು ಮತ್ತೆ ಕರೆ ಬರಬಹುದೆಂದು ಕಾಯುತ್ತ ಕಳೆಯುತ್ತಾರೆ.