ಪಿನ್‌ಹೋಲ್ ಪರೀಕ್ಷೆ

ಕೆರೆ ಏರಿಗೆ, ನಾಲೆ ದಂಡೆಗೆ ಹಾಕುವ ಮಣ್ಣಿನಲ್ಲಿ ಸಣ್ಣದೊಂದು ಸೋರಿಕೆ ಶುರುವಾದರೆ ಆ ದಾರಿ ಹಾಗೇ ಉಳಿಯುತ್ತದೋ, ಕೊರೆದುಕೊಂಡು ದೊಡ್ಡದಾಗುತ್ತದೋ ಎಂದು ಪ್ರಯೋಗಾಲಯದಲ್ಲಿ ನೋಡುವ ಕ್ರಮವಿದು. 1976ರಲ್ಲಿ ಮಣ್ಣಿನ ಅಣೆಕಟ್ಟುಗಳ ಎಂಜಿನಿಯರ್ ಶೆರಾರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಈಗ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಡಿ4647 ಮಾನಕವಾಗಿ ಬಳಕೆಯಲ್ಲಿದೆ.

ಜೇಡಿಯಲ್ಲಿ ಸೋಡಿಯಂ ಹೆಚ್ಚಿದ್ದರೆ ಕಣಗಳು ನಿಂತ ನೀರಿನಲ್ಲೂ ಒಂದನ್ನೊಂದು ಬಿಟ್ಟು ತೇಲುತ್ತವೆ. ಜರಡಿ ಪರೀಕ್ಷೆಯಾಗಲಿ ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯುವಷ್ಟು ಮೆತ್ತಗಾಗುವ ತೇವಾಂಶ) ಆಗಲಿ ಈ ಗುಣವನ್ನು ತೋರಿಸುವುದಿಲ್ಲ. ಮಂಡ್ಯ ಸೀಮೆಯಲ್ಲಿ ಚೌಳು ಹಿಡಿದ ಗದ್ದೆಯ ಪಕ್ಕದಿಂದ ಮಣ್ಣು ತೆಗೆಯುವವರು ಇದನ್ನು ಮರೆಯಬಾರದು. ಹಾಗೆಂದು ಮೇಲೆ ಬಿಳಿ ಉಪ್ಪು ಕಂಡ ಮಣ್ಣೆಲ್ಲ ಚದುರುವುದಿಲ್ಲ. ಉಪ್ಪು ತುಂಬಿರುವಾಗ ಕಣಗಳು ಕೂಡಿಕೊಂಡೇ ಇರುತ್ತವೆ. ಉಪ್ಪು ತೊಳೆದುಹೋಗಿ ಸೋಡಿಯಂ ಮಾತ್ರ ಉಳಿದಾಗಲೇ ಅಪಾಯ.

2 ಮಿ.ಮೀ. ಜರಡಿ ದಾಟಿದ ಮಣ್ಣನ್ನು ಚಿಕ್ಕ ಸಿಲಿಂಡರಿನಲ್ಲಿ 38 ಮಿ.ಮೀ. ಉದ್ದಕ್ಕೆ, ಪ್ರಾಕ್ಟರ್ ಸಾಂದ್ರತೆಯ (ನಿಗದಿತ ಕ್ರಮದಲ್ಲಿ ಕುಟ್ಟಿದಾಗ ಸಿಗುವ ಗರಿಷ್ಠ ಒಣ ಸಾಂದ್ರತೆ) ಸುಮಾರು ಶೇ. 95ರಷ್ಟು ಗಟ್ಟಿಯಾಗಿ ಕುಟ್ಟಬೇಕು. ನಡುವೆ 1 ಮಿ.ಮೀ. ಸೂಜಿಯಿಂದ ತೂತು. ಎರಡೂ ಬದಿಗೆ ತಂತಿ ಬಲೆ, ಸಣ್ಣ ಜಲ್ಲಿ. ಮೊದಲು 50 ಮಿ.ಮೀ. ಎತ್ತರದ ನೀರಿನ ಒತ್ತಡ ಕೊಟ್ಟು, ಹೊರಬರುವ ನೀರನ್ನು ಗಾಜಿನ ಅಳತೆ ಜಾಡಿಯಲ್ಲಿ ಹಿಡಿದು ಪಕ್ಕದಿಂದಲೂ ಮೇಲಿನಿಂದಲೂ ನೋಡುತ್ತಾರೆ. ಐದೇ ನಿಮಿಷದಲ್ಲಿ ಕಡು ಬಗ್ಗಡ ಬಂದು, ಹರಿವು ಸೆಕೆಂಡಿಗೆ 1 ಮಿ.ಲೀ. ದಾಟಿ, ತೂತು 2 ಮಿ.ಮೀ. ಆಗಿದ್ದರೆ ಅದು ಡಿ1, ಅಂದರೆ ಚದುರುವ ಮಣ್ಣಿನಲ್ಲೇ ಅತ್ಯಂತ ಕೆಟ್ಟ ದರ್ಜೆ. ನೀರು ತಿಳಿಯಾಗಿದ್ದರೆ ಒತ್ತಡ 180, 380, ಕೊನೆಗೆ 1020 ಮಿ.ಮೀ.ಗೆ ಏರುತ್ತದೆ. ಅಲ್ಲಿಯೂ ತಿಳಿಯಾಗಿಯೇ ಬಂದು ತೂತು ಹಿಗ್ಗದಿದ್ದರೆ ಎನ್‌ಡಿ1, ಅಂದರೆ ಚದುರದ ಮಣ್ಣು. ಮುಗಿದ ಮೇಲೆ ಮಾದರಿಯನ್ನು ಸೀಳಿ ತೂತಿನ ಅಗಲವನ್ನು ಕಣ್ಣಾರೆ ಅಳೆಯದೆ ದರ್ಜೆ ಬರೆಯಕೂಡದು.

ಫಲಿತಾಂಶ ಹೆಚ್ಚಾಗಿ ಕೆಡುವುದು ನೀರಿನಿಂದ. ಪರೀಕ್ಷೆಗೆ ಡಿಸ್ಟಿಲ್ಡ್ ವಾಟರೇ ಬೇಕು. ಡಿಸ್ಟಿಲ್ಡ್ ವಾಟರ್ ಮುಗಿದಿದೆಯೆಂದು ಬೋರ್‌ವೆಲ್ ನೀರು ಹಾಕಿದರೆ, ಆ ಗಡಸು ನೀರಿನ ಕ್ಯಾಲ್ಸಿಯಂ ಕಣಗಳನ್ನು ಹಿಡಿದಿಟ್ಟು ಕೆಟ್ಟ ಮಣ್ಣನ್ನೂ ಪಾಸು ಮಾಡಿಸುತ್ತದೆ. ಏರಿಯ ಮೇಲೆ ಬೀಳುವ ಮಳೆನೀರಿನಲ್ಲಿ ಉಪ್ಪಿನಂಶ ಇಲ್ಲವೆಂಬಷ್ಟು ಕಡಿಮೆ. ಹೊಸ ಏರಿಯ ಇಳಿಜಾರಿನಲ್ಲಿ ಮೊದಲ ಮಳೆಗೇ ಬಿಲಗಳಂಥ ರಂಧ್ರಗಳು ಕಾಣಿಸಿಕೊಳ್ಳುವುದು ಇದರಿಂದಲೇ. ಎರಡನೆಯ ತಪ್ಪು, ಮಾದರಿಯನ್ನು ಒಣಗಿಸುವುದು. ಒಮ್ಮೆ ಓವನ್ನಿಗೆ ಹೋದ ಜೇಡಿಯ ಗುಣವೇ ಬದಲಾಗುತ್ತದೆ, ಆದ್ದರಿಂದ ಗುಂಡಿಯಿಂದ ತೆಗೆದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಇದ್ದ ತೇವದಲ್ಲೇ ತರಬೇಕು. ಇನ್ನು ತೂತು ಕಟ್ಟಿಕೊಂಡು ನೀರೇ ಬಾರದಿದ್ದರೆ ಮಣ್ಣು ಒಳ್ಳೆಯದೆಂದು ತಿಳಿಯಬೇಡಿ. ಮತ್ತೆ ಸೂಜಿ ಹಾಯಿಸಿ ನೋಡಿ.

ಕೊರೆತದ ವೇಗ ಎಷ್ಟೆಂಬ ಲೆಕ್ಕ ಇದರಲ್ಲಿ ಸಿಗದು. ಅದಕ್ಕೆ ಪ್ರಾಕ್ಟರ್ ಅಚ್ಚಿನಲ್ಲಿ 6 ಮಿ.ಮೀ. ತೂತು ಕೊರೆದು ಮಾಡುವ ಹೋಲ್ ಇರೋಷನ್ ಟೆಸ್ಟ್ ಬೇರೆ ಇದೆ.

ಡಿ1 ಬಂದರೆ ಮಣ್ಣನ್ನು ಬಿಡಬೇಕು, ಇಲ್ಲವೇ ಸುಣ್ಣ ಬೆರೆಸಿ ಅದೇ ಮಿಶ್ರಣವನ್ನು ಮತ್ತೆ ಪರೀಕ್ಷಿಸಬೇಕು. ತೂಬಿನ ಸುತ್ತ ರೋಲರ್ ಹೋಗದ ಜಾಗದಲ್ಲಂತೂ ಸರಿಯಾಗಿ ಅಳೆದ ಮರಳಿನ ಫಿಲ್ಟರ್ ಬೇಕೇ ಬೇಕು. ಒಂದೇ ಗುಂಡಿಯ ಎರಡು ಮೂಲೆಯ ಮಣ್ಣು ಬೇರೆ ಬೇರೆ ದರ್ಜೆಗೆ ಬೀಳುವುದುಂಟು. ಒಂದು ಚೀಲ ಮಣ್ಣಿನ ವರದಿ ನಂಬಿ ಇಡೀ ಏರಿ ಕಟ್ಟಲಾಗದು.