ಮೆಲ್ಲಗೆ ತೆಗೆದರೆ ಕಿರುಗುಟ್ಟುವ ಬಾಗಿಲು

ತೀರ್ಥಹಳ್ಳಿ ಕಡೆಯ ನಮ್ಮ ಹಳೆ ಮನೆಯಲ್ಲಿ ರಾತ್ರಿ ಹಿತ್ತಿಲ ಬಾಗಿಲು ತೆಗೆಯುವುದೇ ಒಂದು ಕಷ್ಟ. ಮಲಗಿದವರಿಗೆ ಎಚ್ಚರ ಆಗಬಾರದು ಅಂತ ಮೆಲ್ಲಗೆ ತಳ್ಳಿದಷ್ಟೂ ಕಿರುಗುಟ್ಟುತ್ತದೆ. ಒಂದೇ ಸಲಕ್ಕೆ ತಳ್ಳಿದರೆ ಸದ್ದೇ ಇಲ್ಲ.

ಬಿಜಾಗರಿಯ ಕಬ್ಬಿಣ ಕೈಗೆ ನುಣುಪು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೂ ಮಲೆನಾಡೇ: ಬರೀ ಗುಡ್ಡ, ಕಣಿವೆ. ನಿಂತಾಗ ಎರಡು ಕಡೆಯ ಗುಡ್ಡಗಳ ತುದಿಗಳು ಕಚ್ಚಿಕೊಳ್ಳುತ್ತವೆ. ಹೊತ್ತು ಕಳೆದಂತೆ ಹಿಡಿತ ಬಿಗಿಯಾಗುತ್ತದೆ. ನಾವು ತಳ್ಳಿದಾಗ ಬಾಗಿಲು ಸ್ಪ್ರಿಂಗಿನ ಹಾಗೆ ಚೂರು ಬಾಗಿ ಬಲ ಕೂಡಿಟ್ಟುಕೊಳ್ಳುತ್ತದೆ. ಹಿಡಿತ ತಪ್ಪಿದ ಕೂಡಲೇ ಜಾರುತ್ತದೆ. ಬಲ ಖಾಲಿಯಾಗಿ ಮತ್ತೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದೇ ಆ ಸದ್ದು. ಬೇಗ ತಳ್ಳಿದರೆ ಕಚ್ಚಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಪಿಟೀಲಿನ ತಂತಿ ನುಡಿಯುವುದೂ ಹೀಗೆಯೇ. ಅಲ್ಲಿ ಕಮಾನಿಗೆ ಬೇಕೆಂದೇ ರಾಳ ಹಚ್ಚುತ್ತಾರೆ.

ಎಣ್ಣೆ ಬಿಟ್ಟರೆ ಮುಗಿಯಿತು, ಅಲ್ವಾ? ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಗಳಲ್ಲಿ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ ನಡೆಸುವವರನ್ನು ಕೇಳಿ. ಅದರ ಬೆಡ್, ಅಂದರೆ ಹಳಿಯಂಥ ಉದ್ದನೆಯ ತಳದ ಮೇಲೆ ಧಾರಾಳ ಎಣ್ಣೆ ಇದ್ದರೂ, ಉಳಿ ಹಿಡಿದು ಅದರ ಮೇಲೆ ಜಾರುವ ಕ್ಯಾರೇಜ್ ತೀರ ನಿಧಾನ ಸಾಗುವಾಗ ಜರ್ಕ್ ಹೊಡೆಯಬಹುದು. ಆಗ ಕೆಲಸದ ಅಳತೆಯೇ ಕೆಡುತ್ತದೆ.

ಇದರ ಕಾರಣ ಜರ್ಮನಿಯ ಎಂಜಿನಿಯರ್ ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ಪ್ರಕಟಿಸಿದ ಬೇರಿಂಗ್ ಅಳತೆಗಳಲ್ಲಿ ಕಾಣುತ್ತದೆ. ಬೇಗ ಸಾಗುವಾಗ ಎಣ್ಣೆ ತಾನೇ ಸಂದಿಗೆ ನುಗ್ಗಿ ಲೋಹವನ್ನು ಎತ್ತಿ ಹಿಡಿಯುತ್ತದೆ. ನೀರು ನಿಂತ ರಸ್ತೆಯಲ್ಲಿ ಜೋರಾಗಿ ಹೋಗುವ ಕಾರಿನ ಟೈರ್ ತೇಲುತ್ತದಲ್ಲ, ಹಾಗೆ. ನಿಧಾನವಾದರೆ ಎಣ್ಣೆ ಹಿಂಡಿ ಹೋಗಿ ಗುಡ್ಡಗಳು ಮತ್ತೆ ತಾಗುತ್ತವೆ. ಅಂದರೆ ಈ ಹಂತದಲ್ಲಿ ವೇಗ ತಗ್ಗಿದಷ್ಟೂ ಘರ್ಷಣೆ ಜಾಸ್ತಿ. ಚೂರು ನಿಧಾನವಾದದ್ದು ಪೂರ್ತಿ ನಿಲ್ಲುತ್ತದೆ, ಚೂರು ಜಾರಿದ್ದು ಮುಂದಕ್ಕೆ ಹಾರುತ್ತದೆ. ಎಷ್ಟು ಎಣ್ಣೆ ಸುರಿದೆವು ಅನ್ನುವುದಕ್ಕಿಂತ ಹಿಂಡಿ ಹೋದ ಮೇಲೆ ಏನು ಉಳಿಯಿತು ಅನ್ನುವುದೇ ಇಲ್ಲಿ ಮುಖ್ಯ.

ಅದಕ್ಕೇ ಲೇತ್ ಬೆಡ್ಡಿನ ಎಣ್ಣೆಗೆ ಕೊಬ್ಬಿನಂಥ ಪದಾರ್ಥ ಬೆರೆಸುತ್ತಾರೆ. ಅದರ ಉದ್ದನೆಯ ಅಣುಗಳ ಒಂದು ತುದಿ ಲೋಹಕ್ಕೆ ಅಂಟುತ್ತದೆ, ಬಾಲ ಹೊರಗೆ ನಿಲ್ಲುತ್ತದೆ. ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ. ಉಳಿದ ಎಣ್ಣೆ ಹೋದರೂ ಈ ಪೈರು ಸುಲಭಕ್ಕೆ ಕೀಳುವುದಿಲ್ಲ. ನಿಂತಾಗಿನ ಹಿಡಿತವೂ ಸಡಿಲವಾಗುತ್ತದೆ.

ಕೊಬ್ಬರಿ ಎಣ್ಣೆಯಲ್ಲೂ ಇಂಥ ಕೊಬ್ಬಿನ ಆಮ್ಲ ಸ್ವಲ್ಪ ಇರುತ್ತದೆ. ಅಮ್ಮ ಬಾಗಿಲಿಗೆ ಅದನ್ನೇ ಹಾಕುತ್ತಿದ್ದರು. ಆದರೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುತ್ತದೆ. ನಮ್ಮೂರಿನ ಚಳಿಗಾಲದ ಬೆಳಗ್ಗೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು, ಕರಗಿದ ಮೇಲೆ ಎರಡು ಹನಿ ಬಿಡಬೇಕು.